ಮೂರನೇ ಬೆಂಚಿನ ಗೀಟುಗಳು

ಜೂನ್ 11

ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ನೋಡಿ ಬೈಯಬೇಡ. ಕೋಳಿ ಕೆದರಿದ ಹಾಗಿದೆ ಎಂದು ನನಗೇ ಗೊತ್ತು. ಏಳನೇ ತರಗತಿ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಅಂಗಡಿಯಲ್ಲಿ ಹಾಳೆಯ ಮೂಲೆಗೆ ನಂಬರು ಹಾಕುವುದಕ್ಕೆ ಮಾತ್ರ. ಕಾಗುಣಿತ ತಪ್ಪಿದ ಕಡೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ವಾಪಸು ಕಳಿಸಬೇಡ. ಟೀಚರಿಗಲ್ಲ, ಅಮ್ಮನಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಧೈರ್ಯ ಮಾಡಿದ್ದೇನೆ.

ನೀನು ಹೊರಟ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದೆಯಲ್ಲ, "ಫೋನಿನಲ್ಲಿ ಹ್ಞೂ, ಊಹ್ಞೂ ಬಿಟ್ರೆ ನಿನ್ನ ಬಾಯಿಂದ ಇನ್ನೊಂದು ಹೊರಡಲ್ಲ. ಬರೆಯೋದಾದ್ರೂ ಬರಿ" ಅಂತ. ಅದಕ್ಕೇ ಇದು.

ಅಪ್ಪ ಚೆನ್ನಾಗಿದ್ದಾರೆ. ಪಂಪ್‌ಹೌಸಿನಲ್ಲಿ ಈ ತಿಂಗಳು ಬೆಳಗಿನ ಪಾಳಿ. ನೀನು ಹೋದ ಮೇಲೆ ಎರಡು ಸಲ ಅನ್ನ ತಳ ಹಿಡಿಸಿದರು. "ಇಡೀ ಊರಿಗೆ ನೀರು ಬಿಡೋನು ನಾನು, ಪಾತ್ರೆಗೆ ಬಿಡೋಕೆ ಮರೆತೆ ನೋಡು" ಎಂದು ಅವರೇ ನಕ್ಕು ಕರಿ ಕೆರೆದರು.

ಎದುರುಮನೆ ಅತ್ತೆ ನಿನ್ನೆ ಗೇಟಿಗೆ ಒರಗಿ ನಿಂತಿದ್ದರು. "ಓದೋ ವಯಸ್ಸಿನೋಳು ಅಂಟು ಕಲಸ್ತಾಳೆ, ಮೊಮ್ಮಕ್ಕಳನ್ನ ಎತ್ತೋ ವಯಸ್ಸಿನೋಳು ಯೂನಿವರ್ಸಿಟಿಗೆ ಹೋಗ್ತಾಳೆ. ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ" ಅಂದರು. ನಾನು ಏನೂ ಅನ್ನಲಿಲ್ಲ. ಅದಕ್ಕೂ ಒಂದು ಮಾತು ಬಂತು. "ಇವಳಿಗೆ ಗುಬ್ಬಿ ಅಂತ ಹೆಸರಿಟ್ಟೋರು ಯಾರು? ಚಿಂವ್ ಅಂದಿದ್ದನ್ನ ನಾನಂತೂ ಕೇಳಿಲ್ಲ."

ಬೈಂಡಿಂಗ್ ಅಂಗಡಿಯಲ್ಲಿ ಒಂದು ಸುದ್ದಿ ಇದೆ. ಕೌಂಟರಿನಲ್ಲಿ ಕೂರುತ್ತಿದ್ದ ಯಜಮಾನರ ಹೆಂಡತಿಗೆ ಮಂಡಿ ನೋವು ಹೆಚ್ಚಾಗಿದೆ, ಇನ್ನು ಬರುವುದಿಲ್ಲ. ಅದರ ಜೊತೆಗೆ ವರ್ಷದ ಕೊನೆಗೆ ಬಿಸಿ ಅಂಟಿನ ಮಷೀನು ಬರುತ್ತದಂತೆ. ಹಾಳೆ ಇಟ್ಟರೆ ಸಾಕು, ಪುಸ್ತಕದ ಬೆನ್ನಿಗೆ ಅಂಟು ಬಳಿದು ಒತ್ತಿ ಆಚೆಗೆ ತಳ್ಳುತ್ತದಂತೆ. ಆಮೇಲೆ ಕೈಹೊಲಿಗೆಗೆ ಜನ ಬೇಕಿಲ್ಲ. ಯಜಮಾನರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು. "ಹಿಂದಿನ ಕೋಣೆಗೆ ಒಬ್ಬರೇ ಸಾಕಾಗುತ್ತೆ. ಅಂಟು ಕಾಯಿಸೋ ಗೋಂದಜ್ಜನ್ನ ಈ ವಯಸ್ಸಲ್ಲಿ ಎಲ್ಲಿಗೆ ಕಳಿಸ್ಲಿ? ನೀನು ಮುಂದೆ ಕೌಂಟರಿಗೆ ಬಂದ್ರೆ ನಿನ್ನ ಕೆಲಸ ಉಳಿಯುತ್ತೆ. ಬರೋರ ಹತ್ರ ನಾಲ್ಕು ಮಾತಾಡಬೇಕು, ಅಷ್ಟೇ. ಮಷೀನು ಬರೋ ತನಕ ಟೈಮಿದೆ, ಯೋಚನೆ ಮಾಡು."

ಆ ನಾಲ್ಕು ಮಾತೇ ನನಗೆ ಬೆಟ್ಟವಾಗಿದೆ. ದಬ್ಬಳ ಹಿಡಿದರೆ ಕೈ ತಾನೇ ಓಡುತ್ತದೆ. ಎದುರಿಗೆ ಗುರುತಿಲ್ಲದವರು ನಿಂತರೆ ಪರದೆಯ ಹಿಂದಕ್ಕೆ ಸರಿದುಬಿಡುತ್ತೇನೆ.

ಊಟ ಸರಿಯಾಗಿ ಮಾಡು.

ನಿನ್ನ ಗುಬ್ಬಿ


ಜೂನ್ 25

ಗುಬ್ಬಿಗೆ,

ಕೆಂಪು ಪೆನ್ನನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ನಿನ್ನ ಕಾಗದವನ್ನು ಮೂರು ಸಲ ಓದಿದೆ. ಒಂದೇ ಸಲಕ್ಕೆ ನೀನು ಇಷ್ಟು ಮಾತಾಡಿದ್ದನ್ನು ನಾನು ಕಂಡೇ ಇಲ್ಲ.

ಹಾಸ್ಟೆಲಿನ ಕೋಣೆಯಲ್ಲಿ ನನ್ನ ಜೊತೆ ಇರುವ ಹುಡುಗಿ ನಿನಗಿಂತ ನಾಲ್ಕು ವರ್ಷ ದೊಡ್ಡವಳು. ಮೊದಲನೇ ದಿನ ನನ್ನನ್ನು ಕಂಡು ವಾರ್ಡನ್ ಎಂದುಕೊಂಡು ಮಂಚದಿಂದ ಎದ್ದು ನಿಂತಳು. ಈಗ "ಆಂಟಿ, ಲೈಟ್ ಆರಿಸಲಾ?" ಎನ್ನುತ್ತಾಳೆ. ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವಾಗ ನನಗೆ ನಗು ಬರುತ್ತದೆ. ಇಪ್ಪತ್ತು ವರ್ಷ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸಿದ್ದಕ್ಕೆ ಬಡ್ಡಿ ಸಮೇತ ತೀರಿಸುತ್ತಿದ್ದೇನೆ.

ನನ್ನ ಸಂಶೋಧನೆ ಏನು ಎಂದು ನಿಮ್ಮಪ್ಪ ಕೇಳಿದರೆ ಹೀಗೆ ಹೇಳು. ತರಗತಿಯಲ್ಲಿ ಪ್ರಶ್ನೆ ಯಾರ ಪಾಲಿಗೆ ಬೀಳುತ್ತದೆ ಎಂದು ನೋಡುವುದು. ಒಂದು ಶಾಲೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಮಕ್ಕಳು ಕೂತ ಜಾಗವನ್ನು ನಕ್ಷೆ ಬರೆದುಕೊಳ್ಳುತ್ತೇನೆ, ಒಂದೊಂದು ಮಗುವಿಗೆ ಒಂದೊಂದು ಚೌಕ. ಟೀಚರ್ ಯಾರನ್ನು ಪ್ರಶ್ನೆ ಕೇಳುತ್ತಾರೋ ಆ ಚೌಕದಲ್ಲಿ ಒಂದು ಗೀಟು. ವಾರ ಕಳೆದ ಮೇಲೆ ನೋಡಿದರೆ ಕೆಲವು ಚೌಕಗಳಲ್ಲಿ ಗೀಟಿನ ಪೊದೆಯೇ ಬೆಳೆದಿರುತ್ತದೆ, ಕೆಲವು ಗುಡಿಸಿದ ಅಂಗಳದ ಹಾಗೆ ಖಾಲಿ. ಆದರೆ ಟೀಚರನ್ನು ಕೇಳು, "ನಾನು ಎಲ್ಲರನ್ನೂ ಕೇಳ್ತೀನಿ ಮೇಡಂ" ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ ಪಾಪ, ನಿಜವಾಗಿ ಹಾಗೇ ನಂಬಿರುತ್ತಾರೆ.

ಕೌಂಟರಿನ ವಿಷಯಕ್ಕೆ ಯೋಚನೆ ಏನು ಮಾಡುತ್ತೀಯ? ಹೋಗಿ ಕೂತುಕೋ. ಬಾಯಿ ಇರುವುದು ಊಟಕ್ಕೆ ಮಾತ್ರ ಅಲ್ಲ. ನಮ್ಮ ಮನೆತನದಲ್ಲಿ ಮಾತಿಗೆ ಬರ ಬಂದದ್ದೇ ಇಲ್ಲ. ನಿನಗೆ ಮಾತ್ರ ಈ ಸ್ವಭಾವ ಎಲ್ಲಿಂದ ಬಂತೋ ಎಂದು ನನಗೆ ಇವತ್ತಿಗೂ ತಿಳಿಯದು.

ನಿನ್ನ ಅಮ್ಮ


ಜುಲೈ 20

ಅಮ್ಮನಿಗೆ,

ನೀನು ಹೇಳಿದ ಹಾಗೆ ಅರ್ಧ ದಿನ ಕೌಂಟರಿನಲ್ಲಿ ಕೂತೆ.

ಮೊದಲು ಬಂದವರು ದಪ್ಪ ಮೀಸೆಯ ವಕೀಲರು. "ಎಷ್ಟಾಗುತ್ತಮ್ಮಾ?" ಅಂದರು. ನಾನು ಗೋಡೆಯ ಮೇಲಿನ ದರದ ಬೋರ್ಡು ತೋರಿಸಿದೆ. "ಯಾವಾಗ ಕೊಡ್ತೀರಿ?" ಅಂದರು. ಕ್ಯಾಲೆಂಡರ್ ತೋರಿಸಿದೆ. ಅವರು ಮೆಲ್ಲಗೆ ಒಳಗೆ ಬಗ್ಗಿ ಯಜಮಾನರನ್ನು ಕೇಳಿದರು, "ಪಾಪ, ಹುಟ್ಟಿನಿಂದಲೇ ಹೀಗಾ?" ಗೋಂದಜ್ಜ ಅಂಟಿನ ಪಾತ್ರೆ ತಿರುವುತ್ತಾ, "ಇಲ್ಲ ಸಾರ್, ನಮ್ಮ ಹುಡುಗಿ ಮಾತನ್ನ ಚಿನ್ನದ ಅಕ್ಷರದ ಹಾಗೆ ಬಳಸೋಳು. ಪುಸ್ತಕದ ಬೆನ್ನಿನ ಮೇಲೆ ಮಾತ್ರ, ಅದೂ ಕೊನೇಲಿ" ಅಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಮಧ್ಯಾಹ್ನ ಹಿಂದಿನ ಕೋಣೆಗೆ ಎದ್ದು ಹೋಗಿಬಿಟ್ಟೆ. ಕೌಂಟರಿನ ಸ್ಟೂಲು ಖಾಲಿ ಇದೆ. ಯಜಮಾನರೇ ಒಳಗೂ ಹೊರಗೂ ಓಡಾಡುತ್ತಿದ್ದಾರೆ.

ಗೋಂದಜ್ಜ ನಿನ್ನ ಓದಿನ ಬಗ್ಗೆ ಕೇಳಿದರು. ನಕ್ಷೆ, ಗೀಟು ಎಲ್ಲ ಹೇಳಿದೆ. ಅವರ ಹತ್ತಿರ ನನಗೆ ಮಾತು ಬರುತ್ತದೆ. ಯಾಕೆಂದರೆ ಅವರು ಕೇಳುವಾಗ ನನ್ನ ಮುಖ ನೋಡುವುದಿಲ್ಲ, ಅಂಟನ್ನೇ ನೋಡುತ್ತಿರುತ್ತಾರೆ. ನಿನ್ನ ಥೀಸಿಸ್ ನಮ್ಮ ಅಂಗಡಿಗೇ ಬರಬೇಕಂತೆ. ಅಂಟಿಗೆ ಮೈಲುತುತ್ತ ಒಂದು ಚಿಟಿಕೆ ಜಾಸ್ತಿ ಹಾಕುತ್ತಾರಂತೆ, ನೂರು ವರ್ಷ ಹುಳ ಮುಟ್ಟುವುದಿಲ್ಲವಂತೆ.

ನಿನ್ನ ಗುಬ್ಬಿ


ಆಗಸ್ಟ್ 14

ಗುಬ್ಬಿಗೆ,

ತಡವಾಯಿತು. ಕೆಲಸ ಒಂದು ಕಡೆ, ಮನಸ್ಸಿಗೆ ಒಂದು ಪೆಟ್ಟು ಇನ್ನೊಂದು ಕಡೆ.

ನನ್ನ ಮಾರ್ಗದರ್ಶಕಿ ನನಗಿಂತ ಹತ್ತು ವರ್ಷ ಚಿಕ್ಕವರು. ಆದರೆ ಅವರ ಮುಂದೆ ಕೂತರೆ ನಾನೇ ಹೋಂವರ್ಕ್ ಮರೆತು ಬಂದ ಹುಡುಗಿಯಂತಾಗುತ್ತೇನೆ. ನಾಲ್ಕು ಶಾಲೆಗಳ ನಕ್ಷೆ ಮುಂದಿಟ್ಟೆ. ಎಲ್ಲ ನೋಡಿ, "ಚೆನ್ನಾಗಿದೆ. ನಿಮ್ಮ ತರಗತೀದು ಎಲ್ಲಿ?" ಅಂದರು. "ನಾನು ಈಗ ರಜೆಯಲ್ಲಿದ್ದೀನಲ್ಲ ಮೇಡಂ" ಅಂದೆ. "ನೆನಪಿನಿಂದ ಬರೀರಿ, ಇಪ್ಪತ್ತು ವರ್ಷದಲ್ಲಿ ಯಾವುದಾದರೂ ಒಂದು ತರಗತಿ" ಅಂದರು. ಅಲ್ಲೇ ಕೂತು ಬರೆದೆ. ನಿಮ್ಮ ಏಳನೇ ತರಗತಿಯದೇ ಬರೆದೆ. ಅವರು ನೋಡಿ ಜೋರಾಗಿ ನಕ್ಕುಬಿಟ್ಟರು. ಎಲ್ಲ ಚೌಕದಲ್ಲೂ ಒಂದೇ ಸಮನಾಗಿ ಗೀಟು ಹಾಕಿದ್ದೆ. "ಎಲ್ಲಾ ಟೀಚರುಗಳೂ ಹೀಗೇ ಬರೆಯೋದು. ನೀವು ನಿಂತಿದ್ದ ಕಡೆಯಿಂದ ಇದು ಕಾಣಿಸಲ್ಲ. ಬೆಂಚಿನಲ್ಲಿ ಕೂತಿದ್ದ ಯಾರನ್ನಾದರೂ ಕೇಳಿ" ಅಂದರು.

ಬೆಂಚಿನಲ್ಲಿ ಕೂತಿದ್ದವಳು ನನ್ನ ಮನೆಯಲ್ಲೇ ಇದ್ದಾಳೆ. ಗುಬ್ಬೀ, ನಿನಗೆ ಬಿಡುವಾದಾಗ ನಿಮ್ಮ ಏಳನೇ ತರಗತಿಯ ನಕ್ಷೆ ಬರೆದು ಕಳಿಸುತ್ತೀಯಾ? ಯಾರು ಎಲ್ಲಿ ಕೂರುತ್ತಿದ್ದರು, ನಾನು ಯಾರನ್ನು ಹೆಚ್ಚು ಕೇಳುತ್ತಿದ್ದೆ, ಯಾರನ್ನು ಕಡಿಮೆ. ಅಂದಾಜಿಗೆ ಸಾಕು. ನನ್ನ ಮುಖ ನೋಡಿ ಬರೆಯಬೇಡ, ಇದ್ದದ್ದನ್ನು ಇದ್ದ ಹಾಗೆ ಬರಿ.

ಅಮ್ಮ


ಸೆಪ್ಟೆಂಬರ್ 1

ಅಮ್ಮನಿಗೆ,

ನಕ್ಷೆ ಇದರ ಜೊತೆಗಿದೆ. ರಟ್ಟಿನ ತುಂಡಿನ ಮೇಲೆ ಬರೆದೆ, ಹಾಳೆಯಾದರೆ ಅಂಚೆಯಲ್ಲಿ ಮುದುರುತ್ತದೆ.

ಬರೆಯಲು ಕೂತರೆ ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಮೊದಲನೇ ಬೆಂಚಿನಲ್ಲಿ ಡಾಕ್ಟರ ಮಗಳು. ಅವಳ ಚೌಕದಲ್ಲಿ ಗೀಟು ಹಾಕಿ ಹಾಕಿ ಸೀಸದ ಕಡ್ಡಿ ಮೊಂಡಾಯಿತು. ಇನ್ಸ್‌ಪೆಕ್ಟರು ಬಂದ ದಿನ ನೀನು ಅವಳನ್ನೇ ಆರು ಸಲ ಎಬ್ಬಿಸಿದೆ. ಎರಡನೇ ಬೆಂಚಿನಲ್ಲಿ ನಾವೆಲ್ಲ ಕಪ್ಪೆ ಎಂದು ಕರೆಯುತ್ತಿದ್ದ ಹುಡುಗ, ಅವನಿಗೂ ತುಂಬಾ ಗೀಟು. ಅವನು ಏನು ಹೇಳಿದರೂ ತಪ್ಪೇ, ಆದರೆ ಕ್ಲಾಸು ನಗುತ್ತಿತ್ತು, ನೀನೂ ನಗುತ್ತಿದ್ದೆ. ಮಧ್ಯಾಹ್ನ ನಿದ್ದೆ ಬರುವ ಹೊತ್ತಿಗೆ ಅವನನ್ನು ಎಬ್ಬಿಸುತ್ತಿದ್ದೆ. ಕಿಟಕಿ ಪಕ್ಕದ ಉದ್ದನೆಯವನಿಗೆ ನಾಲ್ಕು. ಅವಳಿ ಹುಡುಗಿಯರಲ್ಲಿ ಎಡಗಡೆಯವಳಿಗೆ ಏಳು, ಬಲಗಡೆಯವಳಿಗೆ ಒಂದು. ನೀನು ಇಬ್ಬರನ್ನೂ ಒಬ್ಬಳೇ ಎಂದು ಎಣಿಸಿರಬೇಕು. ಕೊನೆಯ ಬೆಂಚಿನ ಮೂವರಿಗೆ ಸೇರಿ ಎರಡು. ಅದೂ "ಅಲ್ಲೇನು ಪಿಸಪಿಸ?" ಎನ್ನುವುದನ್ನು ಪ್ರಶ್ನೆ ಎಂದು ಲೆಕ್ಕ ಹಿಡಿದರೆ.

ಮೂರನೇ ಬೆಂಚಿನ ತುದಿಯಲ್ಲಿ ನಾನು. ನನ್ನ ಚೌಕದಲ್ಲಿ ಮೂರು.

ಇದು ನಿನಗೆ ಉಪಯೋಗವಾಗುತ್ತದಾ?

ನಿನ್ನ ಗುಬ್ಬಿ


ಸೆಪ್ಟೆಂಬರ್ 12

ಗುಬ್ಬಿಗೆ,

ಉಪಯೋಗ ಎಂದು ಕೇಳುತ್ತೀಯಾ? ನಿನ್ನ ರಟ್ಟಿನ ತುಂಡನ್ನು ಮಾರ್ಗದರ್ಶಕಿ ಮೇಜಿನ ಮೇಲೆ ನಿಲ್ಲಿಸಿಟ್ಟುಕೊಂಡಿದ್ದಾರೆ. ಅವಳಿಯರ ವಿಷಯ ಓದಿ ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಬಲಗಡೆಯವಳು ಈಗ ಎಲ್ಲಿದ್ದಾಳೋ, ಸಿಕ್ಕರೆ ಆರು ಪ್ರಶ್ನೆ ಬಾಕಿ ಇದೆ ಎಂದು ಹೇಳಬೇಕು.

ಒಂದು ಮಾತು ಹೇಳಲಾ? ನಕ್ಷೆ ಬಿಚ್ಚುವಾಗ ನನ್ನ ಕಣ್ಣು ಮೊದಲು ಹೋದದ್ದು ನಿನ್ನ ಚೌಕಕ್ಕೆ. ಮೂರು ಗೀಟು ನೋಡಿ ಎದೆಯ ಭಾರ ಇಳಿಯಿತು. ಎಲ್ಲಿ ಖಾಲಿ ಬಿಟ್ಟಿದ್ದೆನೋ ಎಂದು ಆಗಸ್ಟಿನಿಂದ ಒಂದು ಹೆದರಿಕೆ ಇತ್ತು. ಮೂರು ಕಡಿಮೆಯೇ, ಆದರೂ ಕೇಳಿದ್ದೇನಲ್ಲ.

ಇನ್ನೊಂದು ಕೆಲಸ ಕೊಡುತ್ತೇನೆ. ಗೀಟು ಎಣಿಸಿದರೆ ಸಾಲದು, ಪ್ರಶ್ನೆ ಯಾವ ಬಗೆಯದು ಎಂದೂ ವಿಂಗಡಿಸಬೇಕಂತೆ. ಬಾಯಿಪಾಠದ ಪ್ರಶ್ನೆಯೋ, ಯೋಚಿಸಿ ಹೇಳುವ ಪ್ರಶ್ನೆಯೋ, ಹೀಗೆ. ಬೇರೆಯವರದು ನಿನಗೆ ನೆನಪಿರಲಿಕ್ಕಿಲ್ಲ. ನಿನ್ನ ಮೂರು ನೆನಪಿದ್ದರೆ ಬರಿ. ನಾನು ನಿನ್ನನ್ನು ಏನು ಕೇಳಿದ್ದೆ?

ಅಮ್ಮ


ಸೆಪ್ಟೆಂಬರ್ 27

ಅಮ್ಮನಿಗೆ,

ಇಲ್ಲಿ ಎಲ್ಲ ಕ್ಷೇಮ. ಅಪ್ಪನಿಗೆ ನೆಗಡಿಯಾಗಿತ್ತು, ಈಗ ವಾಸಿ. ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿತ್ತು, ಸರಿ ಮಾಡಿಸಿದೆವು. ಅಂಗಡಿಯಲ್ಲಿ ಥೀಸಿಸ್ ಕೊಡುವ ಕಾಲ ಶುರುವಾಗಿದೆ. ದಿನಾ ಯಾರಾದರೂ ಹಾಳೆಯ ಕಟ್ಟು ಎದೆಗೆ ಅವಚಿಕೊಂಡು ಓಡಿ ಬರುತ್ತಾರೆ. ರಾತ್ರಿಯಿಡೀ ಮಗು ಅತ್ತ ಮನೆಯವರ ಮುಖ ಇದ್ದ ಹಾಗಿರುತ್ತದೆ ಅವರ ಮುಖ.

ಮಷೀನಿಗೆ ಯಜಮಾನರು ಮುಂಗಡ ಕೊಟ್ಟರು. ಡಿಸೆಂಬರ್ ಮೊದಲ ವಾರ ಬರುತ್ತದೆ.

ನೀನು ಕೇಳಿದ್ದಕ್ಕೆ ಇನ್ನೊಂದು ಸಲ ಬರೆಯುತ್ತೇನೆ.

ನಿನ್ನ ಗುಬ್ಬಿ


ಅಕ್ಟೋಬರ್ 19

ಅಮ್ಮನಿಗೆ,

ಈ ವಾರ ನನ್ನಿಂದ ಒಂದು ಅನಾಹುತ ಆಯಿತು. ಅದನ್ನು ಹೇಳಿ ಆಮೇಲೆ ನಿನ್ನ ಪ್ರಶ್ನೆಗೆ ಬರುತ್ತೇನೆ.

ಒಬ್ಬ ಹುಡುಗಿ ಥೀಸಿಸ್ ತಂದಳು. ಮರುದಿನ ಯೂನಿವರ್ಸಿಟಿಗೆ ಕೊಡಬೇಕಾದದ್ದು, ನಾಲ್ಕು ಪ್ರತಿ. ಗಾಬರಿಯಲ್ಲಿ ಪುಟದ ನಂಬರೇ ಹಾಕಿಸಿರಲಿಲ್ಲ. ಹೊಲಿಯುವ ಮುಂಚೆ ಹಾಳೆ ತಿರುವುತ್ತೇನಲ್ಲ, ನಾಲ್ಕನೇ ಅಧ್ಯಾಯ ಮುಂದೆ, ಮೂರನೆಯದು ಅದರ ಹಿಂದೆ ಇತ್ತು. ಯಾವುದೋ ಕಾರಣಕ್ಕೆ ಹಾಗೇ ಇಟ್ಟಿರಬಹುದಾ ಅನ್ನಿಸಿತು. ಅವಳು ಮುಂದಿನ ಕೋಣೆಯಲ್ಲೇ ನೀರು ಕುಡಿಯುತ್ತಾ ಕೂತಿದ್ದಳು. ಪರದೆ ಸರಿಸಿ, "ಇದು ಹೀಗೇನಾ?" ಎಂದರೆ ಮುಗಿಯುತ್ತಿತ್ತು. ಪರದೆಯ ತನಕ ಹೋದೆ. ಮಾತು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು. ವಾಪಸು ಬಂದು ದಬ್ಬಳಕ್ಕೆ ದಾರ ಪೋಣಿಸಿದೆ. ನಾಲ್ಕೂ ಪ್ರತಿ ಹಾಗೆಯೇ ಹೊಲಿದೆ, ಅಂಟು ಹಾಕಿದೆ, ರಟ್ಟು ಕಟ್ಟಿದೆ.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೆ ಅವಳು ಅಳುತ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ಹೊಲಿಯುವಾಗಲೇ ನೋಡಿದ್ದೆ ಎಂದು ಒಪ್ಪಿಕೊಂಡಾಗ ಯಜಮಾನರು ಜೀವನದಲ್ಲಿ ಮೊದಲ ಸಲ ನನಗೆ ಬೈದರು. "ಕಣ್ಣಿಗೆ ಬಿತ್ತು, ತಪ್ಪು ಅಂತ ಗೊತ್ತಾಯ್ತು. ಬಾಯಿ ಬಿಟ್ಟು ಒಂದು ಮಾತು ಕೇಳೋಕೆ ಏನಾಗಿತ್ತು? ಬಾಯಲ್ಲೂ ಗೋಂದು ಹಾಕ್ಕೊಂಡಿದ್ಯಾ?" ನಾನೂ ಗೋಂದಜ್ಜನೂ ಹೊಲಿಗೆ ಬಿಚ್ಚಿ ಮಧ್ಯಾಹ್ನದೊಳಗೆ ಮತ್ತೆ ಕಟ್ಟಿಕೊಟ್ಟೆವು. ಹೊತ್ತಿಗೆ ಮುಂಚೆ ಕೊಟ್ಟಳಂತೆ, ದೇವರು ದೊಡ್ಡವನು. ಆ ಹುಡುಗಿ ನನಗೆ ಬೈಯಲಿಲ್ಲ ಅಮ್ಮ. ಹೋಗುವಾಗ, "ನಿಮಗೆ ಗೊತ್ತಾಗಿತ್ತಾ?" ಅಂತ ಮಾತ್ರ ಕೇಳಿದಳು. ಬೈದಿದ್ದರೆ ಮೇಲಿತ್ತು.

ಗೊತ್ತಿದ್ದೂ ಸುಮ್ಮನಿದ್ದರೆ ಇನ್ನೊಬ್ಬರ ಕೆಲಸ ಕೆಡುತ್ತದೆ. ನೀನೂ ಥೀಸಿಸ್ ಬರೆಯುತ್ತಿದ್ದೀಯ. ಆದ್ದರಿಂದ ಹೇಳುತ್ತೇನೆ.

ನಕ್ಷೆಯಲ್ಲಿ ನಾನು ಸುಳ್ಳು ಬರೆದಿಲ್ಲ. ನೀನು ನನ್ನನ್ನು ಮೂರು ಸಲ ಕೇಳಿದ್ದು ನಿಜ. ಗಾಳಿಗೆ ಹಾಳೆ ಹಾರಿದ ದಿನ, "ಕಿಟಕಿ ಹಾಕಿದ್ಯಾ?" ಎಂದು ಕೇಳಿದೆ. ಇನ್ನೊಂದು ದಿನ, "ಸೀಮೆಸುಣ್ಣ ತಂದ್ಯಾ?" ಅಂದೆ. ಮೂರನೆಯದು, "ಮನೆ ಬೀಗದ ಕೈ ಎಲ್ಲಿಟ್ಟೆ?" ನಾನು ಎದ್ದು ನಿಂತು, "ನಿಮ್ಮ ಬ್ಯಾಗಿನಲ್ಲೇ ಇದೆ ಟೀಚರ್" ಅಂದೆ. ಇಡೀ ಕ್ಲಾಸು ನಕ್ಕಿತು. ಮೂರಕ್ಕೂ ಸರಿಯಾದ ಉತ್ತರ ಹೇಳಿದ್ದೇನೆ. ಯಾವ ಬಗೆಯ ಪ್ರಶ್ನೆಗಳು ಎಂದು ನೀನೇ ವಿಂಗಡಿಸಿಕೋ.

ನಿನ್ನನ್ನು ದೂರುತ್ತಿಲ್ಲ. ಯಾಕೆ ಹಾಗೆ ಮಾಡಿದೆ ಎಂದೂ ನನಗೆ ಗೊತ್ತು. ಐದನೇ ತರಗತಿಯ ಮೊದಲ ವಾರ ನಾನು ಟಪ್ಪೆಂದು ಉತ್ತರ ಹೇಳಿದಾಗ ಕಪ್ಪೆ, "ಟೀಚರ್ ಮಗಳಲ್ವಾ, ಉತ್ತರ ರಾತ್ರೀನೇ ಊಟದ ಜೊತೆ ಬಡಿಸಿರ್ತಾರೆ" ಅಂದ. ನಿನ್ನ ಮುಖ ಕೆಂಪಾಯಿತು. ಆ ದಿನದಿಂದ ನಿನ್ನ ಕಣ್ಣು ಬೆಂಚಿನಿಂದ ಬೆಂಚಿಗೆ ಬಂದು ನನ್ನ ಹತ್ತಿರ ಬಂದ ಕೂಡಲೇ ಜಾರಿ ಪಕ್ಕಕ್ಕೆ ಹೋಗುತ್ತಿತ್ತು. ನೀನು ಎಲ್ಲರಿಗೂ ನ್ಯಾಯವಾಗಿರಬೇಕಿತ್ತು. ಶಾಲೆಯ ಗೇಟು ದಾಟಿದ ಮೇಲೆ ಅಮ್ಮ ಅನ್ನಬಾರದು, ಟೀಚರ್ ಅನ್ನಬೇಕು ಎಂದಿದ್ದೆಯಲ್ಲ, ಅದೂ ಅದಕ್ಕೇ. ಐದನೆಯದರಲ್ಲಿ ನಾನು ಕೈಯನ್ನು ನೇರ ಮೇಲೆತ್ತುತ್ತಿದ್ದೆ. ಆರನೆಯದರಲ್ಲಿ ಮೊಣಕೈ ಬೆಂಚಿನ ಮೇಲಿಟ್ಟು ಎತ್ತುತ್ತಿದ್ದೆ. ಏಳನೆಯದರ ಕೊನೆಗೆ ಬೆರಳು ಮಾತ್ರ. ಆಮೇಲೆ ಅದೂ ಬೇಡ ಅನ್ನಿಸಿತು.

ಹೈಸ್ಕೂಲಿನ ಮೊದಲ ದಿನ ಹೊಸ ಮೇಷ್ಟ್ರು ನನ್ನನ್ನೇ ನೋಡಿ, "ಹೆಸರೇನಮ್ಮ?" ಎಂದರು. ಎದ್ದು ನಿಂತೆ. ನನ್ನ ಹೆಸರು, ನನಗೆ ಗೊತ್ತಿಲ್ಲದ್ದೇನಲ್ಲ. ಬರಲಿಲ್ಲ. ಅವರು ಕಾದರು, ಎಲ್ಲರೂ ತಿರುಗಿ ನೋಡಿದರು. ಮನೆಗೆ ಬಂದು ಇನ್ನು ಹೋಗುವುದಿಲ್ಲ ಎಂದೆ. ಓದು ತಲೆಗೆ ಹತ್ತಲಿಲ್ಲ ಎಂದು ನೀನು ಎಲ್ಲರಿಗೂ ಹೇಳಿದೆ. ಅದೇ ಸುಲಭವಾಗಿತ್ತು, ನಾನೂ ಹ್ಞೂ ಎಂದೆ.

ಇದನ್ನು ಹರಿದು ಹಾಕಬೇಕು ಅನ್ನಿಸುವ ಮೊದಲು ಅಂಚೆಗೆ ಹಾಕಿಬರುತ್ತೇನೆ.

ನಿನ್ನ ಗುಬ್ಬಿ


ನವೆಂಬರ್ 16

ಅಮ್ಮನಿಗೆ,

ನಿನ್ನಿಂದ ಕಾಗದ ಬಂದಿಲ್ಲ. ಅಪ್ಪ ಫೋನು ಮಾಡಿದಾಗ ಚೆನ್ನಾಗಿದ್ದೇನೆ ಅಂದೆಯಂತೆ. "ನಿಮ್ಮಮ್ಮನ ದನಿ ಯಾಕೋ ಪೈಪು ಒಡೆದ ನಲ್ಲಿ ಹಾಗಿತ್ತು, ತೊಟ್ಟು ತೊಟ್ಟು" ಅಂದರು.

ನಾನು ಅಷ್ಟೆಲ್ಲ ಬರೆಯಬಾರದಿತ್ತು. ಆ ನಕ್ಷೆಯಲ್ಲಿ ನನ್ನ ಚೌಕ ಬೇಡ, ಅಳಿಸಿಬಿಡು. ಬೇರೆ ಮಕ್ಕಳದ್ದು ಸಾಕಷ್ಟಿದೆಯಲ್ಲ.

ಅಂಗಡಿಯಲ್ಲಿ ಮಷೀನಿಗೆ ಜಾಗ ಮಾಡಲು ನನ್ನ ಹೊಲಿಗೆಯ ಮಣೆಯನ್ನು ಗೋಡೆಗೆ ಒರಗಿಸಿದ್ದಾರೆ. ಯಜಮಾನರು ಮತ್ತೆ ಏನೂ ಕೇಳಿಲ್ಲ. ಕೌಂಟರಿಗೆ ಯಾರೋ ಪರಿಚಯದ ಹುಡುಗಿ ಇದ್ದಾಳೆ ಎಂದು ಫೋನಿನಲ್ಲಿ ಮಾತಾಡುತ್ತಿದ್ದರು.

ಶೀತಗಾಳಿ ಇದೆ, ಕಿವಿಗೆ ಬಟ್ಟೆ ಕಟ್ಟಿಕೋ.

ನಿನ್ನ ಗುಬ್ಬಿ


ನವೆಂಬರ್ 30

ಗುಬ್ಬಿಗೆ,

ನಾಲ್ಕು ಕಾಗದ ಬರೆದು ಹರಿದೆ. ಎಲ್ಲವೂ ಉದ್ದವಾಗಿದ್ದವು. ಟೀಚರುಗಳ ರೋಗವೇ ಅದು, ಕೇಳುವ ಕಡೆ ಹೇಳುತ್ತೇವೆ. ಆದ್ದರಿಂದ ಇದನ್ನು ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಮೂರು ಪ್ರಶ್ನೆಯನ್ನು ಯಾವ ಬಗೆಗೆ ಸೇರಿಸಲಿ ಎಂದು ಮಾರ್ಗದರ್ಶಕಿಯನ್ನು ಕೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಆಮೇಲೆ, "ನಿಮ್ಮ ಮಗಳನ್ನ ಇನ್ನೊಂದು ಪ್ರಶ್ನೆ ಕೇಳಿ" ಅಂದರು. ಅಷ್ಟೇ.

ನ್ಯಾಯ ತಪ್ಪಬಾರದು ಎಂದು ತಕ್ಕಡಿ ಹಿಡಿದುಕೊಂಡೇ ನಿಂತಿದ್ದೆ. ನಿನ್ನನ್ನು ತಟ್ಟೆಗೇ ಹಾಕಲಿಲ್ಲ. ಐದನೇ ತರಗತಿಗೆ ಬರುವ ತನಕ ನಿನ್ನ ಬಾಯಿ ಮುಚ್ಚಿಸುವುದೇ ನಮಗೆ ಕಷ್ಟವಾಗಿತ್ತು. ಗುಬ್ಬಿ ಎಂದು ಹೆಸರು ಬಂದದ್ದು ಹಾಗೆ. ಎದುರುಮನೆಯವಳು ಆ ಬೀದಿಗೆ ಬಂದದ್ದು ಆಮೇಲೆ, ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ಸ್ವಭಾವ ಎಲ್ಲಿಂದ ಬಂತೋ ಎಂದು ಜೂನಿನಲ್ಲಿ ನಿನಗೇ ಬರೆದೆ.

ನಿನ್ನ ಚೌಕ ಅಳಿಸುವುದಿಲ್ಲ. ನೀನು ಒಪ್ಪಿದರೆ ಆ ನಕ್ಷೆ ಮೊದಲ ಅಧ್ಯಾಯವಾಗುತ್ತದೆ. ನೀನು ಬೇಡ ಎಂದರೆ ಥೀಸಿಸ್ಸಿನಲ್ಲಿ ಎಲ್ಲಿಯೂ ಇರುವುದಿಲ್ಲ.

ಈಗ ಪ್ರಶ್ನೆ. ಏಳನೇ ತರಗತಿ, ವಿಜ್ಞಾನದ ಪಾಠ, ಊಟದ ಬೆಲ್ಲಿಗೆ ಮುಂಚೆ. ಖಾಲಿ ಕೋಣೆಯಲ್ಲಿ ಮಾತಾಡಿದರೆ ದನಿ ಗುಂಯ್ ಎನ್ನುತ್ತದೆ, ಸಾಮಾನು ತುಂಬಿದ ಕೋಣೆಯಲ್ಲಿ ಯಾಕೆ ಅನ್ನುವುದಿಲ್ಲ ಎಂದು ಕೇಳಿದ್ದೆ. ಡಾಕ್ಟರ ಮಗಳಿಗೆ ಬರಲಿಲ್ಲ. ಕಪ್ಪೆ, "ಸಾಮಾನಿಗೆ ಕಿವಿ ಇದೆ ಟೀಚರ್" ಎಂದ. ಕೊನೆಗೆ ನಾನೇ ಉತ್ತರ ಹೇಳಿದೆ. ಹೇಳುವಾಗ ಮೂರನೇ ಬೆಂಚಿನ ಕಡೆ ನೋಡಲಿಲ್ಲ. ನಿನ್ನ ಬೆರಳು ಮೇಲಿದ್ದದ್ದು ನನಗೆ ಗೊತ್ತಿತ್ತು.

ಈಗ ನಿನ್ನನ್ನು ಕೇಳುತ್ತಿದ್ದೇನೆ. ಯಾಕೆ? ಹೇಳು.

ಅಮ್ಮ


ಡಿಸೆಂಬರ್ 8

ಅಮ್ಮನಿಗೆ,

ಉತ್ತರ: ಹಾಸಿಗೆ, ಬಟ್ಟೆ, ಚಾಪೆ ಎಲ್ಲ ಸದ್ದನ್ನು ಕುಡಿದುಬಿಡುತ್ತವೆ. ಬರಿಯ ಗೋಡೆ ಕುಡಿಯುವುದಿಲ್ಲ, ನಮ್ಮ ಕಡೆಗೇ ಉಗುಳುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ, ನೀನು ರಾತ್ರಿ ಹೇಳಿಕೊಟ್ಟದ್ದೂ ಅಲ್ಲ. ಆ ವರ್ಷ ಮನೆಗೆ ಸುಣ್ಣ ಹೊಡೆಯಲು ಸಾಮಾನೆಲ್ಲ ಹೊರಗೆ ಹಾಕಿದ್ದೆವಲ್ಲ. ನಾನು ನಡುಮನೆಯಲ್ಲಿ ನಿಂತು "ಅಪ್ಪಾ" ಎಂದು ಕೂಗಿದರೆ ಮೂರು ನಾಲ್ಕು ಗುಬ್ಬಿಗಳು ಕೂಗಿದ ಹಾಗಾಯಿತು. ಎಷ್ಟು ಸಲ ಕೂಗಿದೆನೆಂದರೆ ಅಪ್ಪ ಬ್ರಷ್ಷು ಹಿಡಿದು ಓಡಿಸಿಕೊಂಡು ಬಂದರು. ಸಂಜೆ ಹಾಸಿಗೆ ಒಳಗೆ ತಂದ ಮೇಲೆ ಮತ್ತೆ ಕೂಗಿದೆ, ಒಂದೇ ಗುಬ್ಬಿ. ಆಗ ತಿಳಿಯಿತು. ಎಂಟು ವರ್ಷ ತಡವಾಗಿ ಹೇಳುತ್ತಿದ್ದೇನೆ, ಅದಕ್ಕೆ ಮಾರ್ಕು ಕಡಿಮೆ ಮಾಡಬೇಡ. ಕಪ್ಪೆಗೆ ಅರ್ಧ ಮಾರ್ಕಾದರೂ ಕೊಡಬೇಕಿತ್ತು, ಕಿವಿ ಇದೆ ಎಂದದ್ದು ಪೂರ್ತಿ ತಪ್ಪಲ್ಲ.

ನಿನ್ನ ಕಾಗದವನ್ನು ಅಪ್ಪನಿಗೆ ತೋರಿಸಲಿಲ್ಲ. ನಿನ್ನ ಎರಡು ಸೀರೆಗಳ ಮಧ್ಯೆ ಇಟ್ಟಿದ್ದೇನೆ.

ನಕ್ಷೆ ಹಾಕಿಕೋ. ನನ್ನ ಚೌಕ ಇರಲಿ. ಅವಳಿಯರಲ್ಲಿ ಬಲಗಡೆಯವಳನ್ನೂ ಬಿಡಬೇಡ. ಥೀಸಿಸ್ ಆದ ಮೇಲೆ ಇಲ್ಲಿಗೇ ತಾ. ಬಿಸಿ ಅಂಟು ಬೇಡ, ಒಂದೆರಡು ಸಲ ಬಿಡಿಸಿದರೆ ಹಾಳೆ ಉದುರುತ್ತದೆ. ನಾನೇ ಹೊಲಿದು ಕಟ್ಟುತ್ತೇನೆ. ಪುಟದ ನಂಬರು ಹಾಕಿಸದೆ ತಂದರೆ ಮಾತ್ರ ವಾಪಸು ಕಳಿಸುತ್ತೇನೆ.

ಮಷೀನು ಗುರುವಾರ ಬಂತು. ಇವತ್ತು ಬೆಳಿಗ್ಗೆ ಅಂಗಡಿ ತೆಗೆದು ಕೂತಿದ್ದೆವು. ಮಣೆ ಇಲ್ಲದ್ದರಿಂದ ತೊಡೆಯ ಮೇಲೇ ಇಟ್ಟುಕೊಂಡು ಕೊನೆಯದೊಂದು ಕಟ್ಟು ಹೊಲಿಯುತ್ತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು ಅಂಟಿನ ಪಾತ್ರೆಯ ಕಡೆ ನೋಡುತ್ತಾ, "ಸೋಮವಾರದಿಂದ ಕೌಂಟರಿಗೆ ಯಾರು? ಆ ಹುಡುಗೀಗೆ ಫೋನ್ ಮಾಡಲಾ, ಏನು ಹೇಳ್ತೀರಿ?" ಎಂದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ನನ್ನನ್ನಂತೂ ನೋಡಲಿಲ್ಲ.

ನಾನು ಕೈ ಎತ್ತಿದೆ ಅಮ್ಮ. ದಬ್ಬಳ ಕೈಯಲ್ಲೇ ಇತ್ತು, ದಾರದ ಜೊತೆ ಹಾಳೆಯ ಕಟ್ಟೂ ಅರ್ಧ ಮೇಲೆದ್ದಿತು. ಗೋಂದಜ್ಜ ಬಿದ್ದು ಬಿದ್ದು ನಕ್ಕರು. "ಇರೋದೇ ಮೂರು ಜನ, ಅದರಲ್ಲಿ ಕೈ ಎತ್ತೋದೇನು ಬಂತು ತಾಯಿ!"

ಯಜಮಾನರು ನಗಲಿಲ್ಲ. ನನ್ನ ಕಡೆ ತಿರುಗಿ, "ಹ್ಞಾ, ನೀನು. ಹೇಳು" ಎಂದರು.

ಹೇಳಿದೆ.

ನಿನ್ನ ಗುಬ್ಬಿ